ಮೆಟ್ಟದ ಮೆಟ್ಟು

ಎಷ್ಟೇ ಬೆಲೆಬಾಳುವ ಚಪ್ಪಲಿಯಾದರೂ ಅದರ ಜಾಗ ಹೊಸ್ತಿಲಿನ ಆಚೆ ಎಂಬ ಕಟ್ಟಳೆಯಿದ್ದ ಮನೆಯಲ್ಲಿ ಬೆಳೆದವನು ನಾನು. ಅಮೆರಿಕದ ನ್ಯೂಜರ್ಸಿಯಲ್ಲಿ ಮಗಳ ಮನೆಗೆ ಹೋಗಿದ್ದಾಗ, ಹದಿನೇಳು ವರ್ಷದ ಮೊಮ್ಮಗನ ಕೋಣೆಯಲ್ಲಿ, ಪುಸ್ತಕಗಳಿರಬಹುದೆಂದು ನಾನೆಣಿಸಿದ್ದ ಕಪಾಟಿನ ತುಂಬ ಜೋಡುಗಳ ಪೆಟ್ಟಿಗೆಗಳನ್ನು ಕಂಡು ಬೆರಗಾದೆ. ಒಟ್ಟು ಹನ್ನೊಂದು ಜೊತೆ. ಮುಂಭಾಗಕ್ಕೆ ತುರುಕಿದ ಕಾಗದ ಹಾಗೆಯೇ ಇದೆ. ಅಟ್ಟೆಗೆ ಒಂದು ಕಣ ಮಣ್ಣು ತಗುಲಿಲ್ಲ. “ಇವನ್ನೆಲ್ಲ ಯಾವಾಗ ಹಾಕಿಕೊಳ್ಳುತ್ತೀಯಪ್ಪಾ?” ಎಂದು ಕೇಳಿದೆ. “ಹಾಕಿಕೊಂಡರೆ ಬೆಲೆ ಹೋಗುತ್ತೆ ತಾತ” ಎಂದ.

ಈ ಮಾತು ನನ್ನನ್ನು ಹಲವು ದಿನ ಕಾಡಿತು. ನಡೆಯುವುದಕ್ಕೆಂದೇ ಹುಟ್ಟಿದ ವಸ್ತು, ನಡೆದೊಡನೆ ಬೆಲೆ ಕಳೆದುಕೊಳ್ಳುವುದೆಂದರೇನು? ಹೊರಗಿನವನ ಕುತೂಹಲದಿಂದ ಆ ಲೋಕವನ್ನು ಇಣುಕಿ ನೋಡಿದೆ. ಕಂಡದ್ದರಲ್ಲಿ ಕೆಲವನ್ನು ನಿಮ್ಮ ಮುಂದಿಡುತ್ತೇನೆ.

ರಬ್ಬರಿನ ಅಟ್ಟೆಯುಳ್ಳ ಆಟದ ಜೋಡಿಗೆ ಅಮೆರಿಕದವರು ‘ಸ್ನೀಕರ್’ ಎನ್ನುತ್ತಾರೆ. ಸದ್ದಿಲ್ಲದೆ ನುಸುಳುವುದು ಎಂಬರ್ಥದ ಕ್ರಿಯಾಪದದಿಂದ ಬಂದ ಹೆಸರು ಇದು. ಚರ್ಮದ ಅಟ್ಟೆಯಂತೆ ಇದು ಟಕಟಕ ಎನ್ನುವುದಿಲ್ಲ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸುವ ವಿದ್ಯೆಯನ್ನು ಕಂಡುಕೊಂಡ ಮೇಲೆ ಇಂಥ ಪಾದರಕ್ಷೆಗೆ ದಾರಿಯಾಯಿತು. 1917ರಲ್ಲಿ ಕಾನ್ವರ್ಸ್ ಕಂಪೆನಿ ‘ಆಲ್ ಸ್ಟಾರ್’ ಎಂಬುದನ್ನು ಮಾರುಕಟ್ಟೆಗೆ ತಂದಿತು. ಬಹುಕಾಲ ಅದು ಆಟಗಾರನ ಉಪಕರಣ, ಸವೆದರೆ ಎಸೆಯುವಂಥದು.

ಈ ಕಥೆಯಲ್ಲಿ ದೊಡ್ಡ ತಿರುವು ಬಂದದ್ದು 1985ರಲ್ಲಿ. ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ನನ ಹೆಸರಿನಲ್ಲಿ ನೈಕಿ ಕಂಪೆನಿ ‘ಏರ್ ಜೋರ್ಡನ್’ ಎಂಬ ಜೋಡನ್ನು 65 ಡಾಲರಿಗೆ ಮಾರಾಟಕ್ಕೆ ಬಿಟ್ಟಿತು. ಆತನ ಕಾಲಿನ ಕಪ್ಪು-ಕೆಂಪು ಬಣ್ಣ ನಿಯಮಕ್ಕೆ ಹೊಂದುವುದಿಲ್ಲವೆಂದು ಆಟದ ಸಂಸ್ಥೆ ಆಕ್ಷೇಪಿಸಿದಾಗ, ಕಂಪೆನಿ ಆ ಆಕ್ಷೇಪವನ್ನೇ ಜಾಹೀರಾತಾಗಿ ಮಾಡಿಕೊಂಡಿತು. ಮರುವರ್ಷ ನ್ಯೂಯಾರ್ಕಿನ ರನ್-ಡಿಎಂಸಿ ಎಂಬ ಗಾಯಕರ ತಂಡ ತಮ್ಮ ಅಡಿಡಾಸ್ ಜೋಡನ್ನು ಹೊಗಳಿ ಹಾಡಿತು. ಕರಿಯ ಜನರ ಬಡ ಕೇರಿಗಳಲ್ಲಿ ಮನೆ, ಕಾರುಗಳ ಕನಸೂ ಎಟುಕದ ಹುಡುಗನಿಗೆ, ಶುಭ್ರವಾದ ಒಂದು ಜೊತೆ ಜೋಡು ಎಟುಕಬಹುದಾಗಿದ್ದ ಘನತೆಯಾಗಿತ್ತು. ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ತಿಕ್ಕಿ ಬೆಳಗುತ್ತಿದ್ದವನನ್ನು ಕಂಡು ನಗುವ ಹಕ್ಕು ನಮಗಿಲ್ಲ. ಆದರೆ ಘನತೆ ಪೇಟೆಯ ಸರಕಾದಾಗ ಅದರ ಬೆನ್ನಿಗೇ ಕೇಡೂ ಬರುತ್ತದೆ. ಜೋಡಿಗಾಗಿ ಹುಡುಗರು ಹುಡುಗರನ್ನೇ ಕೊಲ್ಲುತ್ತಿರುವ ಸಂಗತಿ 1990ರ ಮೇ ತಿಂಗಳಲ್ಲಿ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆಯ ಮುಖಪುಟದ ವಿಷಯವಾಯಿತು.

ಸಂಗ್ರಹದ ಹಂಬಲಕ್ಕೆ ಮರುಮಾರಾಟದ ಲಾಭ ಜೊತೆಗೂಡಿದ್ದನ್ನು ಊರಿಗೆಲ್ಲ ಸಾರಿದ ಘಟನೆ 2005ರ ಫೆಬ್ರವರಿಯಲ್ಲಿ ನಡೆಯಿತು. ಜೆಫ್ ಸ್ಟೇಪಲ್ ಎಂಬ ವಿನ್ಯಾಸಕಾರ ನ್ಯೂಯಾರ್ಕ್ ನಗರದ ನೆನಪಿಗಾಗಿ, ಹಿಮ್ಮಡಿಯ ಬಳಿ ಪಾರಿವಾಳದ ಚಿತ್ರವುಳ್ಳ ಒಂದು ನೈಕಿ ಜೋಡನ್ನು ರೂಪಿಸಿದ್ದ. ತಯಾರಾದದ್ದು 150 ಜೊತೆ ಮಾತ್ರ. ಕೊರೆಯುವ ಚಳಿಯಲ್ಲಿ ಹುಡುಗರು ಹಗಲು-ರಾತ್ರಿ ಅಂಗಡಿಯ ಮುಂದೆ ಕಾದರು. ನೂಕುನುಗ್ಗಲಾಗಿ ಪೊಲೀಸರು ಬಂದರು. ಕೊಂಡವರನ್ನು ಹಿಂಬಾಗಿಲಿನಿಂದ ಟ್ಯಾಕ್ಸಿಗೆ ಹತ್ತಿಸಿ ಕಳಿಸಬೇಕಾಯಿತು. ಮರುದಿನ ಪತ್ರಿಕೆಯ ಮುಖಪುಟದಲ್ಲಿ ಅದೇ ಸುದ್ದಿ. ಜೋಡು ಹಣವಾಗಬಲ್ಲದೆಂದು ಆವರೆಗೆ ತಿಳಿಯದಿದ್ದವರಿಗೂ ಅಂದು ತಿಳಿಯಿತು.

2016ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಸ್ಟಾಕ್‌ಎಕ್ಸ್ ಎಂಬ ವ್ಯಾಪಾರ ಸಂಸ್ಥೆ ಈ ಕೊಡುಕೊಳೆಯನ್ನು ಷೇರುಪೇಟೆಯ ಅಚ್ಚಿನಲ್ಲಿಯೇ ಆರಂಭಿಸಿತು. ಕೊಳ್ಳುವವನು ಕೊಡಲೊಪ್ಪುವ ಬೆಲೆ, ಮಾರುವವನು ಕೇಳುವ ಬೆಲೆ, ಇವೆರಡೂ ಕೂಡಿದ ಕ್ಷಣ ವ್ಯಾಪಾರ ಕುದುರುತ್ತದೆ. ಒಂದೇ ಜೋಡಿಗೆ ಅಳತೆಗೊಂದು ಬೆಲೆ. ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಲು ನುರಿತವರಿದ್ದಾರೆ. ಕಂಪೆನಿಗಳೂ ಈ ಆಟವನ್ನು ಅರಿತಿವೆ. ಕೆಲವು ಮಾದರಿಗಳನ್ನು ಬೇಕೆಂದೇ ಕಡಿಮೆ ಮಾಡಿ ಹಂಬಲವನ್ನು ಹೆಚ್ಚಿಸುತ್ತವೆ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಸರಕಿಗೆ ಇಂಗ್ಲಿಷಿನಲ್ಲಿ ‘ಡೆಡ್‌ಸ್ಟಾಕ್’ ಎನ್ನುತ್ತಿದ್ದರು. ವರ್ತಕನಿಗೆ ಅದು ಅಳುವ ಮಾತು. ಈಗ ಅದೇ ಪದ, ಯಾರೂ ಮೆಟ್ಟದ ಅಪ್ಪಟ ಹೊಸ ಜೋಡು ಎಂಬ ಹೊಗಳಿಕೆಯಾಗಿದೆ. ಇನ್ನು ಹರಾಜಿನ ಮಾತು ಹೇಳುವುದೇ ಬೇಡ. 1998ರ ಅಂತಿಮ ಪಂದ್ಯಗಳಲ್ಲಿ ಜೋರ್ಡನ್ ತೊಟ್ಟಿದ್ದ ಒಂದು ಜೊತೆ 2023ರಲ್ಲಿ ಸಾದ್‌ಬೀಸ್ ಸಂಸ್ಥೆಯ ಹರಾಜಿನಲ್ಲಿ 22 ಲಕ್ಷ ಡಾಲರಿಗೆ ಹೋಯಿತು. ದೊಡ್ಡವನ ಬೆವರು ಬೆಲೆಯನ್ನು ಏರಿಸುತ್ತದೆ; ನಮ್ಮ ನಿಮ್ಮ ಬೆವರು ಇಳಿಸುತ್ತದೆ.

ಇದನ್ನೆಲ್ಲ ಕೇಳುತ್ತಿದ್ದಾಗ ನನಗೆ ಕಲ್ಯಾಣದ ಹರಳಯ್ಯನ ನೆನಪಾಯಿತು. ಅವನ ‘ಶರಣು’ ಎಂಬ ನಮಸ್ಕಾರಕ್ಕೆ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುನುಡಿದರಂತೆ. ಅಷ್ಟರ ಋಣವನ್ನು ತೀರಿಸಲು ಹರಳಯ್ಯನೂ ಅವನ ಮಡದಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ತಂದರೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರು ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು. ಅದೂ ಮೆಟ್ಟದ ಮೆಟ್ಟೇ. ಆದರೆ ಅಲ್ಲಿ ಮಾಡಿದವನ ಮುಖ ಕಣ್ಣೆದುರಿಗಿತ್ತು. ಅದಕ್ಕೇ ಅದು ಬೆಲೆಗೆ ನಿಲುಕದ್ದಾಯಿತು. ಇಂದಿನ ಸ್ನೀಕರಿನಲ್ಲಿ ಆಟಗಾರನ ಹೆಸರಿದೆ, ವಿನ್ಯಾಸಕಾರನ ಹೆಸರಿದೆ. ವಿಯೆಟ್ನಾಮಿನಲ್ಲೋ ಇಂಡೊನೇಷ್ಯದಲ್ಲೋ ಕುಳಿತು ಹೊಲಿದ ಹೆಣ್ಣುಮಗಳ ಹೆಸರಿಲ್ಲ. ಜೋಡು ಹತ್ತು ಪಟ್ಟು ಬೆಲೆಗೆ ಮತ್ತೆ ಮಾರಾಟವಾದರೂ ಆ ಹೆಚ್ಚಳದಲ್ಲಿ ಅವಳಿಗೆ ಬಿಡಿಗಾಸೂ ಸೇರದು.

ನಾನು ಹೊರಡುವ ಮುನ್ನ ಮೊಮ್ಮಗ ತನ್ನ ಸಂಗ್ರಹದಲ್ಲೆಲ್ಲ ಹಳೆಯ ಜೊತೆಯನ್ನು ತೋರಿಸಲು ತೆಗೆದ. ಒಂದು ಬೇಸಿಗೆ ರಜೆಯೆಲ್ಲ ದುಡಿದು, ಮತ್ತೊಬ್ಬ ಸಂಗ್ರಾಹಕನಿಂದ ಕೊಂಡದ್ದು. ಅವನಿಗಿಂತಲೂ ವಯಸ್ಸಾದ ಜೋಡು. ಅಂಗೈಯಲ್ಲಿಟ್ಟು ಮೆಲ್ಲಗೆ ಒತ್ತಿದ. ಅಟ್ಟೆ ಬಿರಿದು ಹಳದಿಯ ಪುಡಿ ನೆಲಕ್ಕುದುರಿತು. ಅನೇಕ ಸ್ನೀಕರುಗಳ ಅಟ್ಟೆಯ ನಡುಪದರ ಪಾಲಿಯುರೆಥೇನ್ ಎಂಬ ನೊರೆಯಂಥ ವಸ್ತುವಿನದು. ಗಾಳಿಯ ತೇವ ಅದರ ಅಣುಗಳ ಬೆಸುಗೆಯನ್ನು ವರ್ಷವರ್ಷವೂ ಬಿಚ್ಚುತ್ತ ಹೋಗುತ್ತದೆ. ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟರೂ ಬಿಡದು. ಆಗಾಗ ತೊಟ್ಟು ನಡೆದರೆ ಹೆಚ್ಚು ಕಾಲ ಬಾಳುತ್ತದೆಂಬುದು ಸಂಗ್ರಾಹಕರೇ ಹೇಳುವ ಅನುಭವದ ಮಾತು.

ಹುಡುಗ ಪುಡಿಯನ್ನು ಕಾಗದದಲ್ಲಿ ಕೂಡಿಸುತ್ತ ಬಹಳ ಹೊತ್ತು ಸುಮ್ಮನಿದ್ದ. ಹೋದ ಹಣದ ಮಾತೆತ್ತಲಿಲ್ಲ. “ಒಂದು ಸಲವಾದರೂ ಹಾಕಿಕೊಂಡು ನೋಡಬೇಕು ಅಂತ ಆಸೆಯಿತ್ತು ತಾತ” ಎಂದ. ಅವನಲ್ಲಿದ್ದವನು ವ್ಯಾಪಾರಿಯಷ್ಟೇ ಎಂದು ಭಾವಿಸಿದ್ದ ನನಗೆ ನಾಚಿಕೆಯಾಯಿತು. ಆ ಹೊಳೆಯುವ ಪೆಟ್ಟಿಗೆಗಳ ಹಿಂದೆ ಒಬ್ಬ ಹುಡುಗನ ಆಸೆ ಕಾದು ಕುಳಿತಿತ್ತು; ದಿನದಿನದ ಬೆಲೆಪಟ್ಟಿ ಅದನ್ನು ನಾಳೆಗೆ, ನಾಡಿದ್ದಿಗೆ ಮುಂದೂಡುತ್ತ ಬಂದಿತ್ತು.

“ಇನ್ನೂ ಹತ್ತು ಇವೆಯಲ್ಲ” ಎಂದೆ. ನಕ್ಕ. ಮರುದಿನ ಸಂಜೆ ನನ್ನೊಡನೆ ತಿರುಗಾಟಕ್ಕೆ ಬಂದಾಗ ಅವನ ಕಾಲಲ್ಲಿದ್ದುದು ಎಂದಿನ ಹಳೆಯ ಜೋಡೇ. ನಾನೂ ಏನನ್ನೂ ಕೇಳಲಿಲ್ಲ.

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)