ಗರ್ಭಜಲ ಪರೀಕ್ಷೆ: ಮೊದಲೇ ಯೋಚಿಸಬೇಕಾದ ವಿಷಯ



ಗರ್ಭಜಲ ಪರೀಕ್ಷೆ ಮಾಡಿಸಬೇಕೆಂದು ವೈದ್ಯರು ಹೇಳಿದಾಗ ನಮ್ಮ ಮನೆಗಳಲ್ಲಿ ಕಳವಳ ಉಂಟಾಗುತ್ತದೆ. ಕೆಲವರು ಅದನ್ನು ಪಾಪವೆಂದು ಭಾವಿಸಿ ಎದ್ದು ಬರುತ್ತಾರೆ. ಇನ್ನು ಕೆಲವರು ಗಂಡೋ ಹೆಣ್ಣೋ ಎಂದು ಗುಟ್ಟಾಗಿ ವಿಚಾರಿಸುತ್ತಾರೆ. ಈ ಎರಡೂ ನಿಲುವುಗಳನ್ನು ನಾವು ತಿದ್ದಿಕೊಳ್ಳಬೇಕಾಗಿದೆ.

ಆಮ್ನಿಯೋಸೆಂಟೆಸಿಸ್ ಎಂಬ ಈ ಪರೀಕ್ಷೆಯನ್ನು ಸಾಮಾನ್ಯವಾಗಿ ಗರ್ಭದ 15 ವಾರಗಳ ನಂತರ ನಡೆಸುತ್ತಾರೆ. ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡುತ್ತಾ, ತಾಯಿಯ ಹೊಟ್ಟೆಯ ಮೂಲಕ ತೆಳುವಾದ ಸೂಜಿಯಿಂದ ಶಿಶುವಿನ ಸುತ್ತಲಿನ ದ್ರವವನ್ನು ಸ್ವಲ್ಪ ತೆಗೆಯುತ್ತಾರೆ. ಅದರಲ್ಲಿರುವ ಶಿಶುವಿನ ಜೀವಕೋಶಗಳಿಂದ ಡೌನ್ ಸಿಂಡ್ರೋಮ್, ಥಲಸ್ಸೇಮಿಯಾದಂತಹ ತೊಂದರೆಗಳು ತಿಳಿಯುತ್ತವೆ. ಗರ್ಭಪಾತದ ಅಪಾಯವಿದೆ, ಆದರೆ ಅದು ನೂರರಲ್ಲಿ ಒಂದಕ್ಕಿಂತ ಕಡಿಮೆ.

ಭಾರತದಲ್ಲಿ 1970ರ ದಶಕದಲ್ಲಿ ರೋಗಪತ್ತೆಗಾಗಿ ಬಂದ ಈ ವಿಧಾನವು ಬೇಗನೆ ಹೆಣ್ಣುಮಕ್ಕಳ ಪಾಲಿಗೆ ಮೃತ್ಯುವಾಯಿತು. ಇಂದು ಅಲ್ಪ ಹಣ ವ್ಯಯಿಸಿ, ನಾಳಿನ ವರದಕ್ಷಿಣೆಯನ್ನು ಉಳಿಸಿಕೊಳ್ಳಿ ಎಂಬರ್ಥದ ಜಾಹೀರಾತುಗಳೇ ಪ್ರಕಟವಾದವು. ಮುಂದೆ ಅದೇ ಕೆಲಸಕ್ಕೆ ಸ್ಕ್ಯಾನಿಂಗ್ ಬಂದಿತು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಇದ್ದ ಹೆಣ್ಣುಮಕ್ಕಳ ಸಂಖ್ಯೆ 2001ರ ಜನಗಣತಿಯಲ್ಲಿ 927ಕ್ಕೆ ಇಳಿಯಿತು. ಜೀವಂತ ಹೂಳಲ್ಪಟ್ಟ ಹೆಣ್ಣುಮಗುವಿನ ಕುರಿತು ಅಂತ್ಯದಿನದಂದು ವಿಚಾರಣೆಯಾಗಲಿದೆಯೆಂದು ಪವಿತ್ರ ಕುರ್‌ಆನಿನ ಅತ್ತಕ್ವೀರ್ ಅಧ್ಯಾಯ ಎಚ್ಚರಿಸುತ್ತದೆ. ಅದನ್ನು ಓದುವ ನಾವು ವರದಕ್ಷಿಣೆಯನ್ನೂ ಪಡೆಯುತ್ತಿದ್ದರೆ ಆ ವಿಚಾರಣೆಯಿಂದ ಪಾರಾಗುವುದು ಹೇಗೆ? ಇನ್ನು, ಮಗುವಿನ ಲಿಂಗ ನಿರ್ಧಾರವಾಗುವುದು ತಂದೆಯ ವೀರ್ಯಾಣುವಿನಿಂದ. ಹೆಣ್ಣು ಹೆತ್ತಳೆಂದು ಸೊಸೆಯನ್ನು ಹಳಿಯುವುದು ಶುದ್ಧ ಅನ್ಯಾಯ.

1994ರ ಕಾಯ್ದೆಯು ಭ್ರೂಣದ ಲಿಂಗವನ್ನು ಮಾತಿನಿಂದಾಗಲಿ, ಸನ್ನೆಯಿಂದಾಗಲಿ ತಿಳಿಸುವುದನ್ನು ನಿಷೇಧಿಸಿದೆ. ಪರೀಕ್ಷೆಯ ಅಡ್ಡ ಪರಿಣಾಮಗಳನ್ನು ಗರ್ಭಿಣಿಗೆ ವಿವರಿಸಿ, ಅವಳಿಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕೆಂದೂ ಅದು ವಿಧಿಸಿದೆ. ಒಪ್ಪಿಗೆ ಅವಳದು, ಗಂಡನದಾಗಲಿ ಅತ್ತೆಯದಾಗಲಿ ಅಲ್ಲ. ಈ ಹಕ್ಕು ನಮ್ಮ ಎಷ್ಟು ಸಹೋದರಿಯರಿಗೆ ತಿಳಿದಿದೆ?

ಇನ್ನು ಫಲಿತಾಂಶ ಬಂದ ನಂತರದ ಪ್ರಶ್ನೆ. 1990ರಲ್ಲಿ ಮಕ್ಕಾದಲ್ಲಿ ಸೇರಿದ ಫಿಕ್ಹ್ ಮಂಡಳಿಯು, ಶಿಶುವಿಗೆ ಚಿಕಿತ್ಸೆಯಿಲ್ಲದ ಗಂಭೀರ ವೈಕಲ್ಯವಿದೆಯೆಂದು ನಂಬಿಕಸ್ಥ ತಜ್ಞವೈದ್ಯರ ಸಮಿತಿ ದೃಢಪಡಿಸಿದರೆ, ಹೆತ್ತವರ ಕೋರಿಕೆಯಂತೆ 120 ದಿನಗಳೊಳಗೆ ಗರ್ಭಪಾತಕ್ಕೆ ಅವಕಾಶವಿತ್ತಿತು. ಅದರ ನಂತರ ತಾಯಿಯ ಪ್ರಾಣಕ್ಕೆ ಅಪಾಯವಿದ್ದರೆ ಮಾತ್ರ. ವೈದ್ಯರು ಕೊನೆಯ ಮುಟ್ಟಿನಿಂದ ಲೆಕ್ಕ ಹಾಕುವುದರಿಂದ ಈ 120 ದಿನ ಅವರ ಲೆಕ್ಕದಲ್ಲಿ ಸುಮಾರು 19 ವಾರ. ಪರೀಕ್ಷೆಯೇ 15 ವಾರಗಳ ನಂತರ. ಪೂರ್ಣ ವರದಿಗೆ ಮತ್ತೆ ಎರಡು ಮೂರು ವಾರ. ಉಳಿಯುವ ಕಾಲ ಅತ್ಯಲ್ಪ. ದೇಶದ ಕಾನೂನು ಇದಕ್ಕಿಂತ ದೀರ್ಘ ಅವಧಿ ನೀಡಿದೆಯಾದರೂ ವಿಶ್ವಾಸಿಯ ಮನಸ್ಸಾಕ್ಷಿ ಅಷ್ಟಕ್ಕೇ ಸಮಾಧಾನಗೊಳ್ಳದು. ಆದ್ದರಿಂದ ವೈದ್ಯರೊಡನೆಯೂ ವಿದ್ವಾಂಸರೊಡನೆಯೂ ಮೊದಲೇ ಸಮಾಲೋಚಿಸುವುದು ಅಗತ್ಯ.

ಇನ್ನೂ ಮುಂಚೆ ಮಾಡಬಹುದಾದ ಕೆಲಸವೊಂದಿದೆ. ರಕ್ತಸಂಬಂಧದಲ್ಲಿ ವಿವಾಹ ನಡೆಯುವ ಕುಟುಂಬಗಳಲ್ಲಿ ಥಲಸ್ಸೇಮಿಯಾದಂತಹ ರೋಗಗಳ ಸಾಧ್ಯತೆ ಹೆಚ್ಚು. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭದಲ್ಲೂ ಮಗುವಿಗೆ ರೋಗ ತಗಲುವ ಸಂಭವ ನಾಲ್ಕರಲ್ಲೊಂದು. ನಿಕಾಹ್‌ಗೆ ಮುಂಚಿನ ಒಂದು ರಕ್ತಪರೀಕ್ಷೆ ಇದನ್ನು ತಿಳಿಸಬಲ್ಲದು. ಜಮಾಅತ್‌ಗಳು ಈ ಬಗ್ಗೆ ತಿಳುವಳಿಕೆ ಮೂಡಿಸಲಿ.

ಕೊನೆಯ ಮಾತು. ಎಲ್ಲವನ್ನೂ ತಿಳಿದ ಮೇಲೂ ಮಗುವನ್ನು ಹೆರುವೆನೆಂದು ತಾಯಿಯೊಬ್ಬಳು ನಿರ್ಧರಿಸಿದರೆ ಅವಳನ್ನು ಒಂಟಿಯಾಗಿ ಬಿಡದಿರೋಣ. ಆ ಮಗುವಿನ ಚಿಕಿತ್ಸೆ, ಶಿಕ್ಷಣ, ಪೋಷಣೆಗಳಲ್ಲಿ ಹೆಗಲು ಕೊಡದ ಸಮುದಾಯಕ್ಕೆ ಅವಳಿಗೆ ಉಪದೇಶ ಮಾಡುವ ಅರ್ಹತೆಯಿಲ್ಲ. ನಮ್ಮ ಮಡಿಲಿಗೆ ಬರುವ ಪ್ರತಿಯೊಂದು ಮಗುವೂ ಅಲ್ಲಾಹನ ಅಮಾನತ್ತು. ಅದನ್ನು ಕಾಪಾಡುವ ಸದ್ಬುದ್ಧಿಯನ್ನು ಅವನು ನಮಗೆಲ್ಲರಿಗೂ ಕರುಣಿಸಲಿ.