ಒಂದೆಕರೆಯ ಸ್ವಾವಲಂಬನೆ: ಆಸೆ ಎಷ್ಟು, ಲೆಕ್ಕ ಎಷ್ಟು?

(ಗಿರಣಿ ಕಾರ್ಮಿಕರ ಹಾಗೂ ಚಿಕ್ಕ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಆರಿಸಿದವರು ತಾವೇ. ಕೆಲವು ಕಾಲದಿಂದ ನನ್ನನ್ನು ಕಂಡ ಹಿರಿಯ ಕಾರ್ಮಿಕರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಗಿರಣಿಯ ಕೆಲಸ ಇನ್ನೆರಡು ಮೂರು ವರ್ಷ. ಆಮೇಲೆ ಕೈಗೆ ಬರುವ ಗಂಟು ಹಿಡಿದುಕೊಂಡು ಊರಿಗೆ ಹೋಗಿ, ಒಂದೆಕರೆ ಒಕ್ಕಲುತನ ಮಾಡಿ, ಯಾರ ಹಂಗೂ ಇಲ್ಲದೆ ಬದುಕಬಹುದೇ?" ಬಜಾರದ ಚಿಕ್ಕ ಅಂಗಡಿಕಾರರದೂ ಇದೇ ಮಾತು. ದೊಡ್ಡ ಮಳಿಗೆಗಳ ಮುಂದೆ ಅಂಗಡಿ ನಡೆಯುವುದಿಲ್ಲ, ಉದ್ದರಿ ವಸೂಲಾಗುವುದಿಲ್ಲ. ಊರಲ್ಲಿ ಒಂದಿಷ್ಟು ನೆಲವಿದೆ, ಅಲ್ಲಿಗೆ ಹೋದರೆ ಹೇಗೆ?

ಇದಕ್ಕೆ ಪೇಟೆಯಲ್ಲಿ ಎರಡು ಬಗೆಯ ಉತ್ತರ ಸಿಗುತ್ತವೆ. ಹೊಟ್ಟೆ ತುಂಬಿದವರು "ಭೂಮಿತಾಯಿಯ ಮಡಿಲಿಗೆ ಮರಳಿರಿ" ಎಂದು ಹಾಡುತ್ತಾರೆ. ಒಕ್ಕಲುತನದಲ್ಲಿ ಸುಟ್ಟುಕೊಂಡವರು "ಅದೆಲ್ಲ ಹುಚ್ಚು, ಬಡ್ಡಿಗೆ ಹಣ ಬಿಡು" ಎನ್ನುತ್ತಾರೆ. ಎರಡನ್ನೂ ಬದಿಗಿಟ್ಟು ನಾವು ಕಾಗದದ ಮೇಲೆ ಲೆಕ್ಕ ಹಾಕೋಣ. ದುಡಿದು ಗಳಿಸಿದ ಹಣದ ಮಾತು ಇದು. ಒಮ್ಮೆ ಕೈಬಿಟ್ಟರೆ ಮತ್ತೆ ಬರುವ ಹಣವಲ್ಲ.

ಕೈಗೆ ಬರುವುದೆಷ್ಟು?

ಗ್ರಾಚ್ಯುಯಿಟಿಯ ಲೆಕ್ಕ ತಮಗೆ ಗೊತ್ತು. ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಮತ್ತೆ ಗುಣಿಸಬೇಕು. ಕೊನೆಯ ಸಂಬಳ 15,000 ರೂಪಾಯಿ, ಸೇವೆ 25 ವರ್ಷ ಎಂದು ಹಿಡಿಯಿರಿ. ಬರುವುದು ಸುಮಾರು 2 ಲಕ್ಷ 16 ಸಾವಿರ. ಭವಿಷ್ಯನಿಧಿಯ ಹಣ ಬೇರೆ. ಅದರಲ್ಲಿ ಬಹುಪಾಲು ಮಕ್ಕಳ ಮದುವೆಗೋ ಹಳೆಯ ಸಾಲಕ್ಕೋ ಮೊದಲೇ ಗೊತ್ತಾಗಿರುತ್ತದೆ.

ಇಷ್ಟು ಹಣದಲ್ಲಿ ಹೊಸದಾಗಿ ಹೊಲ ಕೊಳ್ಳುವ ಮಾತು ಬೇಡ. 2020ರಲ್ಲಿ ರಾಜ್ಯದ ಭೂಸುಧಾರಣೆ ಕಾಯಿದೆಯ 79(ಎ), 79(ಬಿ) ಕಲಮುಗಳನ್ನು ತೆಗೆದುಹಾಕಿದರು. ಒಕ್ಕಲಿಗನಲ್ಲದವನೂ ಹೊಲ ಕೊಳ್ಳಬಹುದಾಯಿತು. ಬಾಗಿಲು ಕಾರ್ಮಿಕನಿಗೂ ತೆರೆಯಿತು, ಕೋಟ್ಯಧೀಶನಿಗೂ ತೆರೆಯಿತು. ಆ ಬಾಗಿಲಲ್ಲಿ ಮೊದಲು ನುಗ್ಗುವವರು ಯಾರೆಂದು ತಮಗೆ ಹೇಳಬೇಕಾಗಿಲ್ಲ.

ಆದ್ದರಿಂದ ನಾನು ಮಾತನಾಡುವುದು ಪಿತ್ರಾರ್ಜಿತವಾಗಿ ಎಕರೆಯೋ ಇಪ್ಪತ್ತು ಗುಂಟೆಯೋ ಪಾಲು ಇರುವವರ ಬಗ್ಗೆ. ನಮ್ಮಲ್ಲಿ ಅಂಥವರು ಕಡಿಮೆಯಿಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದಲ್ಲಿ ಸರಾಸರಿ ಹಿಡುವಳಿ 1.08 ಹೆಕ್ಟೇರು; ನೂರಕ್ಕೆ 86 ಹಿಡುವಳಿಗಳು ಎರಡು ಹೆಕ್ಟೇರಿನ ಒಳಗಿನವು. ಎಕರೆಯ ಬದುಕು ಈ ದೇಶದ ಸಾಮಾನ್ಯ ಬದುಕು.

ಊರಿಗೆ ಹೋಗುವ ಮೊದಲು ತಹಶೀಲ್ದಾರ ಕಚೇರಿಗೆ ಹೋಗಿರಿ. ಉತಾರದಲ್ಲಿ ನಿಮ್ಮ ಹೆಸರಿದೆಯೇ, ಬೋಜಾ ಇದೆಯೇ ನೋಡಿರಿ. ಪಾಲಿನ ನಕ್ಷೆ ಮಾಡಿಸಿರಿ. ಅಕ್ಕತಂಗಿಯರಿಗೂ ಸಮಪಾಲಿದೆ, 2005ರ ತಿದ್ದುಪಡಿಯ ನಂತರ ಇದು ಇಡೀ ದೇಶಕ್ಕೆ ಅನ್ವಯಿಸುತ್ತದೆ. ಅವರನ್ನು ಕೂಡಿಸಿಕೊಂಡೇ ಪಾಲು ಮಾಡಿರಿ. ಹಾಗೆ ಮಾಡುವುದು ನ್ಯಾಯ. ಕೋರ್ಟಿನ ಖರ್ಚಿಗಿಂತ ಅಗ್ಗವೂ ಹೌದು.

ತಿಂದದ್ದಕ್ಕೆ ಒಂದು ದರ, ಮಾರಿದ್ದಕ್ಕೆ ಒಂದು ದರ

ಈಗ ನನ್ನ ಮುಖ್ಯ ಮಾತು. ಅಂಗಡಿಕಾರ ಮಿತ್ರರಿಗೆ ಇದು ಬೇಗ ಅರ್ಥವಾಗುತ್ತದೆ.

ಐದು ಮಂದಿಯ ಮನೆಗೆ ದಿನಕ್ಕೆ ಒಂದು ಕಿಲೋ ಕಾಯಿಪಲ್ಯ ಬೇಕೆಂದು ಹಿಡಿಯೋಣ. ವರ್ಷಕ್ಕೆ 365 ಕಿಲೋ. ಸಂತೆಯಲ್ಲಿ ಕಿಲೋಕ್ಕೆ 40 ರೂಪಾಯಿ ಕೊಟ್ಟು ತರುವುದಾದರೆ 14,600 ರೂಪಾಯಿ ಖರ್ಚು. ಅದೇ 365 ಕಿಲೋ ಬೆಳೆದು ಸವಾಲಿಗೆ ಒಯ್ದಾಗ ಕಿಲೋಕ್ಕೆ 15 ಸಿಕ್ಕರೆ ಬರುವುದು 5,475. ಅದರಲ್ಲಿ ಗಾಡಿ ಬಾಡಿಗೆ, ಹಮಾಲಿ ಕಳೆಯಬೇಕು. ಬದನೆಕಾಯಿ ಅದೇ, ಬೆವರು ಅದೇ. ಮನೆಯವರು ತಿಂದರೆ ಚಿಲ್ಲರೆ ದರದಲ್ಲಿ ಉಳಿತಾಯ; ಮಾರಿದರೆ ಸಗಟು ದರದಲ್ಲಿ ಗಳಿಕೆ.

ದೊಡ್ಡ ಹಿಡುವಳಿದಾರ ಮಾರಲೇಬೇಕು. ಇನ್ನೂರು ಕ್ವಿಂಟಲ್ ಮೆಕ್ಕೆಜೋಳವನ್ನು ಮನೆಯವರು ತಿನ್ನಲಾಗದು. ಒಂದೆಕರೆಯವನು ಆ ಪೈಪೋಟಿಗೆ ಇಳಿದರೆ ಸೋಲು ನಿಶ್ಚಯ. ಅಡತಿ ಅಂಗಡಿಯಲ್ಲಿ ಅವನ ಎರಡು ಚೀಲಕ್ಕೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ತನ್ನ ಅಡಿಗೆಮನೆಯಲ್ಲಿ ಮಾತ್ರ ಅವನ ಮಾಲಿಗೆ ಪೂರ್ತಿ ಬೆಲೆಯಿದೆ. ಹೀಗಿರಲಾಗಿ, ಎಕರೆ ಹೊಲದಲ್ಲಿ ಏನು ಬೆಳೆಯಬೇಕೆಂಬ ಪ್ರಶ್ನೆಗೆ ಉತ್ತರ ನಿಮ್ಮ ಕಿರಾಣಿ ಚೀಟಿಯಲ್ಲಿದೆ. ಮೂರು ತಿಂಗಳ ಚೀಟಿಗಳನ್ನು ಕೂಡಿಡಿರಿ. ಯಾವುದನ್ನು ಪದೇ ಪದೇ ಕೊಂಡಿದ್ದೀರೋ ಅದನ್ನು ಮೊದಲು ಬೆಳೆಯಿರಿ.

ನಲವತ್ತು ಗುಂಟೆಯ ಹಂಚಿಕೆ

ನಮ್ಮ ಗದಗ ಜಿಲ್ಲೆಯ ಒಣಬೇಸಾಯದ ಒಂದೆಕರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಕಾಳುಕಡಿಗೆ 24 ಗುಂಟೆ. ಎರೆಯಾದರೆ ಹಿಂಗಾರಿಗೆ ಜೋಳ, ನಡುವೆ ಅಕ್ಕಡಿ ಸಾಲಿನಲ್ಲಿ ಕಡಲೆ, ಕುಸುಬಿ. ಮಸಾರಿಯಾದರೆ ಮುಂಗಾರಿಗೆ ಸಜ್ಜೆ, ಹೆಸರು, ಶೇಂಗಾ, ತೊಗರಿ. ಒಂದು ಬೆಳೆ ಮಳೆಗೆ ಸಿಕ್ಕಿ ಹೋದರೂ ಇನ್ನೊಂದು ಕೈಹಿಡಿಯಲೆಂದು ಹಿರಿಯರು ಅಕ್ಕಡಿ ಹಾಕುತ್ತಿದ್ದರು. ಅದರ ಬುದ್ಧಿವಂತಿಕೆ ಇಂದಿಗೂ ಹಳೆಯದಾಗಿಲ್ಲ.

ಕಾಯಿಪಲ್ಯಕ್ಕೆ 5 ಗುಂಟೆ. ಮೇಕೆ ಮೇವಿಗೆ 3, ಗಿಡಮರಕ್ಕೆ 4, ನೀರಿನ ಹೊಂಡಕ್ಕೂ ಅದರ ಏರಿಗೂ 2, ಗುಡಿಸಲು, ಕೋಳಿಗೂಡು, ತಿಪ್ಪೆಗುಂಡಿಗೆ ಉಳಿದ 2. ಬದುವಿನ ಮೇಲೆ ನುಗ್ಗೆ, ಕರಿಬೇವು, ಲಿಂಬೆ, ಸೀತಾಫಲ. ನುಗ್ಗೆ ಒಂದೆರಡು ವರ್ಷದಲ್ಲೇ ಕಾಯಿ ಕೊಡುತ್ತದೆ, ಬರಕ್ಕೆ ತಡೆಯುತ್ತದೆ, ಸೊಪ್ಪನ್ನೂ ತಿನ್ನಬಹುದು.

ಈಗ ಎಷ್ಟು ಬರುತ್ತದೆ? ಒಳ್ಳೆಯ ಮಳೆಯಾದ ವರ್ಷ ಎಕರೆಗೆ ನಾಲ್ಕೈದು ಕ್ವಿಂಟಲ್ ಜೋಳವೆಂದು ಹಿಡಿದರೆ 24 ಗುಂಟೆಗೆ ಎರಡೂವರೆಯಿಂದ ಮೂರು ಕ್ವಿಂಟಲ್. ದಿನಕ್ಕೆ ಒಂದೂವರೆ ಕಿಲೋ ಧಾನ್ಯ ಬೇಯಿಸುವ ಮನೆಗೆ ವರ್ಷಕ್ಕೆ ಐದೂವರೆ ಕ್ವಿಂಟಲ್ ಬೇಕು. ಅಂದರೆ ಅರ್ಧ ವರ್ಷದ ರೊಟ್ಟಿ ಮಾತ್ರ ಹೊಲದ್ದು. ಉಳಿದದ್ದಕ್ಕೆ ನ್ಯಾಯಬೆಲೆ ಅಂಗಡಿ ಇರಲೇಬೇಕು. ಪಡಿತರವನ್ನು ಉಳಿಸಿಕೊಳ್ಳುವ ಹೋರಾಟವೂ ಸ್ವಾವಲಂಬನೆಯ ಭಾಗವೇ. ಬೇಳೆಯ ದೊಡ್ಡ ಪಾಲು, ಕಾಯಿಪಲ್ಯ ಬಹುತೇಕ ಪೂರ್ತಿ, ತತ್ತಿ, ಸ್ವಲ್ಪ ಹಾಲು ಮನೆಯದೇ ಆಗಬಹುದು. ಉಪ್ಪು, ಬಟ್ಟೆ, ಔಷಧ, ಮಕ್ಕಳ ಫೀ, ಬಸ್ಸಿನ ಚಾರ್ಜು ಯಾವ ಹೊಲದಲ್ಲೂ ಬೆಳೆಯುವುದಿಲ್ಲ. ಇವಕ್ಕೆ ನಗದು ಬೇಕು. ಪೂರ್ತಿ ಸ್ವಾವಲಂಬನೆ ಎಂದು ಮಾತು ಕೊಡುವವನು ನಿಮಗೆ ಏನನ್ನೋ ಮಾರಲು ಬಂದಿದ್ದಾನೆಂದು ತಿಳಿಯಿರಿ.

ದನದ ವಿಷಯದಲ್ಲೂ ಆಸೆ ಮಿತಿಯಲ್ಲಿರಲಿ. ಎಮ್ಮೆ ದಿನಕ್ಕೆ ಇಪ್ಪತ್ತೈದು ಮೂವತ್ತು ಕಿಲೋ ಹಸಿಮೇವು ಬೇಡುತ್ತದೆ; ಎಕರೆ ಒಣಹೊಲ ಅದನ್ನು ಸಾಕಲಾರದು. ಎರಡು ಮೇಕೆ, ಐದಾರು ಜವಾರಿ ಕೋಳಿ ಸಾಕು. ಜವಾರಿ ಕೋಳಿ ತತ್ತಿ ಕಡಿಮೆ ಇಟ್ಟರೂ ತಿಪ್ಪೆ ಕೆದರಿ ತಾನೇ ಮೇಯ್ದುಕೊಳ್ಳುತ್ತದೆ. ಇವುಗಳ ಗೊಬ್ಬರ ಬಂದರೆ ಚೀಲದ ಗೊಬ್ಬರದ ಖರ್ಚು ಇಳಿಯುತ್ತದೆ.

ನೀರಿನಲ್ಲಿ ಮುಳುಗುವ ಹಣ

ಸಂಗಾತಿಗಳೇ, ಇಲ್ಲಿ ಎಚ್ಚರವಾಗಿ ಕೇಳಬೇಕು. ಊರಿಗೆ ಮರಳಿದವನ ಗಂಟು ಕರಗುವುದು ಬೀಜಕ್ಕಲ್ಲ, ಗೊಬ್ಬರಕ್ಕಲ್ಲ, ಕೊಳವೆಬಾವಿಗೆ. ಮೊದಲನೆಯದು ಬತ್ತಿತೆಂದು ಎರಡನೆಯದು, ಅದಕ್ಕೆ ನೀರು ಬೀಳಲಿಲ್ಲವೆಂದು ಮೂರನೆಯದು. ಇಪ್ಪತ್ತೈದು ವರ್ಷದ ದುಡಿಮೆ ಒಂದು ವಾರದಲ್ಲಿ ಕಲ್ಲುಪುಡಿಯಾಗಿ ಮೇಲೆ ಬರುತ್ತದೆ. ನಮ್ಮ ಎರೆ ಸೀಮೆಯ ಕೆಲವು ಕಡೆ ನೀರು ಬಿದ್ದರೂ ಸವುಳು.

ಮೇಲಿನಿಂದ ಬೀಳುವ ನೀರಿನ ಲೆಕ್ಕ ನೋಡಿರಿ. ಗದಗ ಜಿಲ್ಲೆಯ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಒಂದೆಕರೆಯ ಮೇಲೆ ಅಷ್ಟು ಮಳೆ ಎಂದರೆ 24 ಲಕ್ಷ ಲೀಟರು. ಅದನ್ನು ಬದು ಹಾಕಿ ನಿಲ್ಲಿಸಿದರೆ ಬಹುಪಾಲು ಮಣ್ಣಿನೊಳಗೆ ಇಳಿಯುತ್ತದೆ. ಹರಿದುಹೋಗುವುದನ್ನು ಹೊಂಡದಲ್ಲಿ ಹಿಡಿಯಬೇಕು. 30 ಅಡಿ ಉದ್ದ, 30 ಅಡಿ ಅಗಲ, 10 ಅಡಿ ಆಳದ ಹೊಂಡ ನೆಟ್ಟಗೆ ತೋಡಿದರೆ ಎರಡೂವರೆ ಲಕ್ಷ ಲೀಟರು ಹಿಡಿಯುತ್ತದೆ. ಇಳಿಜಾರು ಬಿಡಬೇಕು, ಬಿಸಿಲಿಗೆ ಆರುತ್ತದೆ, ಅರ್ಧವೇ ಉಳಿಯಿತೆನ್ನಿ. ಐದು ಗುಂಟೆ ಕಾಯಿಪಲ್ಯಕ್ಕೆ ದಿನಕ್ಕೆ ಸುಮಾರು 2,000 ಲೀಟರು ಸಾಕಾದರೆ, ಮಳೆ ನಿಂತ ಮೇಲೂ ಎರಡು ತಿಂಗಳು ತೋಟ ಹಸಿರಾಗಿರುತ್ತದೆ. ಮಡಿಗಳಿಗೆ ಕಣಿಕೆ, ಎಲೆ, ಕಸ ಮುಚ್ಚಿಗೆ ಹಾಕಿದರೆ ಇನ್ನಷ್ಟು ದಿನ. ಎರೆಯಲ್ಲಿ ಹೊಂಡ ತಾನೇ ನೀರು ಹಿಡಿಯುತ್ತದೆ. ಮಸಾರಿಯಲ್ಲಿ ತಳಕ್ಕೆ ತಾಡಪಾಲು ಬೇಕು. 2014ರಲ್ಲಿ ರಾಜ್ಯ ಸರ್ಕಾರ ಕೃಷಿ ಭಾಗ್ಯ ಯೋಜನೆಯನ್ನು ತಂದದ್ದು ಇಂಥ ಹೊಂಡಗಳಿಗಾಗಿಯೇ. ಈ ವರ್ಷ ಸಹಾಯಧನ ಎಷ್ಟಿದೆಯೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ. ಅದು ಭಿಕ್ಷೆಯಲ್ಲ, ನಿಮ್ಮ ತೆರಿಗೆಯ ಹಣ.

ಬೇಸಿಗೆಯ ಮೂರು ತಿಂಗಳು ತೋಟ ಒಣಗುತ್ತದೆ. ಒಣಗಲಿ. ಆಗ ಒಣಗಿಸಿಟ್ಟ ಕಾಯಿ, ಹಪ್ಪಳ ಸಂಡಿಗೆ, ಕಾಳಿನ ಪಲ್ಯದಲ್ಲಿ ನಮ್ಮ ತಾಯಂದಿರು ದಿನ ತಳ್ಳುತ್ತಿದ್ದರು.

ಒಬ್ಬನಿಂದ ಆಗುವುದಲ್ಲ

"ಒಬ್ಬರೇ ಮಾಡಿ ತೋರಿಸಿದ್ದಾರಲ್ಲ" ಎಂದು ಯಾರಾದರೂ ಕೇಳಬಹುದು. ಹೌದು, ಉಡುಪಿ ಜಿಲ್ಲೆಯ ಚೇರ್ಕಾಡಿ ರಾಮಚಂದ್ರರಾಯರೆಂಬ ಗಾಂಧಿವಾದಿ ಕೆಲವೇ ಎಕರೆಯಲ್ಲಿ ಸ್ವಂತ ಮೈದುಡಿಮೆಯಿಂದ ಭತ್ತ, ಕಾಯಿಪಲ್ಯ ಬೆಳೆದು, ಚರಕದ ನೂಲು ತೆಗೆದು ಬದುಕಿದರು. ಅವರಿಗೆ ನಮ್ಮ ಗೌರವ ಸಲ್ಲಬೇಕು. ಆದರೆ ಅಲ್ಲಿ ಬೀಳುವ ಮಳೆ 4,000 ಮಿಲಿಮೀಟರಿಗೂ ಹೆಚ್ಚು. ಅವರ ಛಲವನ್ನು ಕಲಿಯೋಣ, ಅವರ ಬೆಳೆಯನ್ನು ಇಲ್ಲಿಗೆ ತರುವುದು ಬೇಡ. ಗಾಂಧೀಜಿಯವರು ಸ್ವತಃ 1910ರಲ್ಲಿ ಜೋಹಾನ್ಸ್‌ಬರ್ಗಿನ ಬಳಿ ಟಾಲ್‌ಸ್ಟಾಯ್ ಫಾರಂ ನಡೆಸಿದಾಗ, ಮಿತ್ರ ಕಾಲೆನ್‌ಬಾಖ್ ಬಾಡಿಗೆಯಿಲ್ಲದೆ ಕೊಟ್ಟ 1,100 ಎಕರೆ ಇತ್ತು, ಕೂಡಿ ದುಡಿಯುವ ಹತ್ತಾರು ಕೈಗಳಿದ್ದವು.

ಎಕರೆ ಹೊಲ ಒಂದು ಜೋಡಿ ಎತ್ತನ್ನು ಸಾಕಲಾರದು. ಆದರೆ ಹತ್ತು ಮಂದಿಯ ಹತ್ತು ಎಕರೆ ಸಾಕುತ್ತದೆ. ಕಳೆ ತೆಗೆಯುವ ವಾರ ಕೂಲಿಗೆ ಹಣ ಸುರಿಯುವ ಬದಲು ಮುಯ್ಯಾಳು ಮಾಡಿದರೆ ಖರ್ಚಿಲ್ಲ. ಬೀಜ ವಿನಿಮಯ, ಸಿಂಪರಣೆ ಪಂಪು, ಗಾಣಕ್ಕೆ ಒಯ್ಯುವ ಗಾಡಿ, ಎಲ್ಲವೂ ಹತ್ತು ಮನೆಗೆ ಒಂದು ಸಾಕು. ಉಳಿದ ಕಾಯಿಪಲ್ಯವನ್ನು ಇದೇ ಸಭೆಯಲ್ಲಿ ಕೂತ ಅಂಗಡಿಕಾರ ನೇರವಾಗಿ ತೆಗೆದುಕೊಂಡರೆ ದಲ್ಲಾಳಿಯ ಪಾಲು ಇಬ್ಬರಿಗೂ ಉಳಿಯುತ್ತದೆ. ಇದು ನಮ್ಮ ನೆಲಕ್ಕೆ ಹೊಸತಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ, ಸಿದ್ಧನಗೌಡ ಪಾಟೀಲರ ಮುಂದಾಳ್ತನದಲ್ಲಿ. ಬಡ್ಡಿ ಸಾಹುಕಾರನಿಂದ ಬಿಡಿಸಿಕೊಳ್ಳಲು ಒಕ್ಕಲಿಗರು ಕೂಡಿದ ನೆಲವಿದು.

ಮನೆಯ ಹೆಣ್ಣುಮಕ್ಕಳ ಮಾತನ್ನೂ ಹೇಳಲೇಬೇಕು. ತೋಟಕ್ಕೆ ನೀರು, ಮೇಕೆಗೆ ಮೇವು, ಕಾಳು ಕೇರುವುದು, ಸಂಡಿಗೆ ಇಡುವುದು, ಇವೆಲ್ಲ ಯಾರ ಹೆಗಲಿಗೆ ಬೀಳುತ್ತವೆ? ಗಂಡನ ಸ್ವಾವಲಂಬನೆ ಹೆಂಡತಿಯ ಬಿಟ್ಟಿ ದುಡಿಮೆಯಾಗಬಾರದು. ಊರಿಗೆ ಹೋಗುವ ತೀರ್ಮಾನ ಇಬ್ಬರದಾಗಿರಲಿ. ಉತಾರದಲ್ಲಿ ಇಬ್ಬರ ಹೆಸರೂ ಇರಲಿ.

ಯಾವಾಗ, ಎಷ್ಟು?

ಕೆಲಸ ಬಿಟ್ಟು ಹೊಲಕ್ಕೆ ಇಳಿಯಬೇಡಿ. ಕೆಲಸ ಇರುವಾಗಲೇ ಇಳಿಯಿರಿ. ಮೊದಲ ವರ್ಷ ವಾರದ ರಜೆಯಲ್ಲಿ ಹೋಗಿ ಬದು ಹಾಕಿರಿ, ಗಿಡ ನೆಡಿರಿ, ಬೇಲಿ ಕಟ್ಟಿರಿ. ಎರಡನೆಯ ವರ್ಷ ಹೊಂಡ, ಅಕ್ಕಡಿ ಬೆಳೆ, ಕೋಳಿ. ಮೂರನೆಯ ವರ್ಷ ಕಾಯಿಪಲ್ಯದ ಮಡಿ, ಮೇಕೆ. ಮೂರು ವರ್ಷವೂ ಚೀಟಿಗಳನ್ನು ಕೂಡಿಡಿರಿ. ಕಿರಾಣಿ ಖರ್ಚು ನಿಜವಾಗಿ ಇಳಿದಿದ್ದರೆ ಮಾತ್ರ ಊರ ಕಡೆ ಮುಖ ಮಾಡಿರಿ.

ಹೊಲಕ್ಕೆ ಹಾಕುವ ಹಣ ಗ್ರಾಚ್ಯುಯಿಟಿಯ ನಾಲ್ಕರಲ್ಲಿ ಒಂದು ಪಾಲನ್ನು ಮೀರಬಾರದು. ನಾವು ಹಿಡಿದ ಲೆಕ್ಕದಲ್ಲಿ ಸುಮಾರು 54 ಸಾವಿರ, ಅದೂ ಮೂರು ವರ್ಷಕ್ಕೆ ಹಂಚಿ. ಉಳಿದ ಮುಕ್ಕಾಲು ಪಾಲು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ನಿಮ್ಮಿಬ್ಬರ ಹೆಸರಿನಲ್ಲಿರಲಿ. ಔಷಧಕ್ಕೂ ಬರಗಾಲಕ್ಕೂ ಅದೇ ಆಧಾರ. ಹೊಲದ ಮೇಲೆ ಸಾಲವಂತೂ ಬೇಡವೇ ಬೇಡ. ಸಾಲ ಬಂದ ದಿನ ಅಡಿಗೆಮನೆಗಾಗಿ ಬೆಳೆಯುವುದು ನಿಲ್ಲುತ್ತದೆ. ಕಂತಿಗಾಗಿ ಬೆಳೆಯುವುದು ಶುರುವಾಗುತ್ತದೆ.

ಇದರಿಂದ ಬಡತನ ತೊಲಗುತ್ತದೆಂದು ನಾನು ಹೇಳುವುದಿಲ್ಲ. ಸಂಬಳಕ್ಕಾಗಿ, ಪಡಿತರಕ್ಕಾಗಿ, ನ್ಯಾಯವಾದ ಬೆಲೆಗಾಗಿ ನಡೆಯುವ ಹೋರಾಟಗಳು ನಡೆಯಲೇಬೇಕು. ಆದರೆ ಮನೆಯಲ್ಲಿ ಆರು ತಿಂಗಳ ಕಾಳು ಇರುವವನು ಹೋರಾಟದಲ್ಲಿ ಆರು ದಿನ ಹೆಚ್ಚು ನಿಲ್ಲಬಲ್ಲ. ಗಿರಣಿಯ ಬಾಗಿಲು ಹಾಕಿದ ದಿನಗಳನ್ನು ಕಂಡ ನಮಗೆ ಇದರ ಬೆಲೆ ಗೊತ್ತು.

ಆದ್ದರಿಂದ ನನ್ನ ವಿಜ್ಞಾಪನೆ ಇಷ್ಟೇ. ಲೇಔಟಿನ ಏಜೆಂಟನು ಬಂದು ನಿಮ್ಮ ಇಪ್ಪತ್ತು ಗುಂಟೆಗೆ ಬೆಲೆ ಕಟ್ಟಿದಾಗ ಕೂಡಲೇ ಅಂಗೂಠಾ ಒತ್ತಬೇಡಿ. ಈ ಮುಂಗಾರಿಗೆ ಮುಂಚೆ ಉತಾರ ತೆಗೆಸಿರಿ, ಚೀಟಿಗಳನ್ನು ಲೆಕ್ಕ ಮಾಡಿರಿ, ಒಂದೇ ಕಡೆಯ ಊರಿನವರು ಹತ್ತು ಮಂದಿ ಕೂಡಿ ಕುಳಿತು ಮಾತನಾಡಿರಿ.