ದೀಪ ಆರಿಸುವ ಮೊದಲು ಕಾರಣ ಹುಡುಕಿ

(ಮಹಾಸಂಘದ ಸಭೆಯಲ್ಲಿ, ತಮ್ಮ ಸಂಘದ ವ್ಯಾನ್ ಓಡಿಸುವ ಸದಸ್ಯೆಯೊಬ್ಬರು ಆಡಿದ ಮಾತುಗಳ ಬರಹ ರೂಪ)



ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ, ವ್ಯಾನ್ ಓಡಿಸಿ ಅಭ್ಯಾಸ ಉಂಟು. ಹಾಗಾಗಿ ವ್ಯಾನಿನ ವಿಷಯವನ್ನೇ ಹೇಳುತ್ತೇನೆ. ನನ್ನ ಕೈಯಲ್ಲಿರುವುದನ್ನು ನೋಡಿ. ಹೆಬ್ಬೆರಳಿನಷ್ಟು ದೊಡ್ಡ ಲೋಹದ ತುಂಡು, ಅದಕ್ಕೊಂದು ವಯರು. ಇದರ ಹೆಸರು ಆಕ್ಸಿಜನ್ ಸೆನ್ಸರ್. ಇದು ಹಾಳಾಗಿಲ್ಲ. ಆದರೂ ಇದನ್ನು ಬಿಚ್ಚಿ ತೆಗೆದು ಹೊಸದು ಹಾಕಿಸಲು ನಮ್ಮ ಸಂಘ 4,200 ರೂಪಾಯಿ ಕೊಟ್ಟಿದೆ. ಹೇಗೆ ಮೋಸ ಹೋದೆವು ಅಂತ ಕೇಳಿದರೆ, ಯಾರೂ ಮೋಸ ಮಾಡಲಿಲ್ಲ. ನಾವು ಕೇಳಬೇಕಾದ್ದನ್ನು ಕೇಳಲಿಲ್ಲ, ಅಷ್ಟೇ.

ನಮ್ಮಲ್ಲಿ ನಡೆದದ್ದು

ನಮ್ಮ ಸಂಘದಲ್ಲಿ ಹನ್ನೆರಡು ಮಂದಿ. ಹಪ್ಪಳ, ಉಪ್ಪಿನಕಾಯಿ ಮಾಡುತ್ತೇವೆ, ಸಮಾರಂಭಗಳಿಗೆ ತಿಂಡಿ ಕಳಿಸುತ್ತೇವೆ. ಬ್ಯಾಂಕ್ ಸಾಲ ತೆಗೆದು 2014ರ ಮಾಡೆಲಿನ ಈಕೋ ವ್ಯಾನ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆವು. ಕಳೆದ ವರ್ಷ ಜೂನ್ ತಿಂಗಳ ಮಳೆಯಲ್ಲಿ ಒಂದು ದಿನ ಸ್ಟೀರಿಂಗ್ ಎದುರು ಹಳದಿ ದೀಪ ಬಂತು. ಇಂಜಿನ್ ಚಿತ್ರದ ದೀಪ. ಹತ್ತಿರದ ಗ್ಯಾರೇಜಿಗೆ ಹೋದೆ. ಅವರು ಏನೋ ಒಂದು ಮೆಷಿನ್ ಸಿಕ್ಕಿಸಿ, ಎರಡು ನಿಮಿಷದಲ್ಲಿ ದೀಪ ಆರಿಸಿ, 300 ರೂಪಾಯಿ ತೆಗೆದುಕೊಂಡರು. ನನಗೂ ಖುಷಿ. ಮರುದಿನವೇ ದೀಪ ಪುನಃ ಬಂತು.

ಇನ್ನೊಂದು ಗ್ಯಾರೇಜಿನಲ್ಲಿ "ಆಕ್ಸಿಜನ್ ಸೆನ್ಸರ್ ಕೋಡ್ ಬರ್ತಾ ಉಂಟು, ಸೆನ್ಸರ್ ಬದಲಾಯಿಸಬೇಕು" ಅಂದರು. ಹಾಕಿಸಿದೆವು. ಎರಡೇ ದಿನದಲ್ಲಿ ದೀಪ ಮೂರನೇ ಸಲ ಬಂತು. ಕೊನೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಮುಂದಿನ ಸೀಟು ಎತ್ತಿದರು. ಈಕೋದಲ್ಲಿ ಇಂಜಿನ್ ಇರುವುದು ಅಲ್ಲೇ, ಸೀಟಿನ ಅಡಿಯಲ್ಲಿ. ಮೀಟರ್ ಇಟ್ಟು ವಯರನ್ನು ಉದ್ದಕ್ಕೂ ನೋಡಿಕೊಂಡು ಹೋದರು. ಮಳೆಗೆ ಬೆಚ್ಚಗಿನ ಜಾಗ ಹುಡುಕಿ ಬಂದ ಇಲಿ ವಯರು ಕಡಿದು ಹಾಕಿತ್ತು! ವಯರು ಜೋಡಿಸಿ, ಮೇಲೆ ಸ್ಲೀವ್ ಹಾಕಿ 150 ರೂಪಾಯಿ ತೆಗೆದುಕೊಂಡರು. ಹಳೇ ಸೆನ್ಸರನ್ನೂ ಮೀಟರಿನಲ್ಲಿ ನೋಡಿ, "ಇದು ಸರಿ ಉಂಟಲ್ಲ ಅಕ್ಕ, ಯಾಕೆ ತೆಗೆಸಿದಿರಿ?" ಅಂತ ಕೇಳಿದರು. ಎಂತ ಉತ್ತರ ಹೇಳುವುದು?

ಇದರಲ್ಲಿ ದುಡ್ಡು ಹೋದದ್ದು ಒಂದು. ಅದೇ ಜೂನಿನಲ್ಲಿ ನಮ್ಮ ಸದಸ್ಯೆಯೊಬ್ಬರು ಮಗಳ ಕಾಲೇಜು ಫೀಸಿಗೆ ಸಂಘದಿಂದ ಸಾಲ ಕೇಳಿದ್ದರು. ಕೈಯಲ್ಲಿದ್ದ ಹಣ ಸೆನ್ಸರಿಗೆ ಹೋಗಿತ್ತು. "ಮುಂದಿನ ತಿಂಗಳು ನೋಡುವ" ಅಂದೆವು. ಫೀಸು ಕಾಯುತ್ತದಾ? ಅವರು ಕಿವಿಯ ಬೆಂಡೋಲೆ ಅಡವಿಟ್ಟರು. ಅಂದಿನಿಂದ ಈ ದೀಪದ ವಿಷಯ ಕಲಿಯಲೇಬೇಕು ಅಂತ ನಾನು ಹಟ ಹಿಡಿದೆ. ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ದೀಪ ಏನು ಹೇಳುತ್ತದೆ?

ಕಾರ್ಬ್ಯುರೇಟರ್ ಇದ್ದ ಹಳೇ ಓಮ್ನಿಗಳಲ್ಲಿ ಈ ದೀಪವೇ ಇರಲಿಲ್ಲ. ಪೆಟ್ರೋಲನ್ನು ಅಳತೆ ಮಾಡಿ ಚಿಮ್ಮಿಸುವ ಇಂಜಿನ್‌ಗಳು ಬಂದ ಮೇಲೆ, ಆ ಅಳತೆ ನೋಡಿಕೊಳ್ಳಲು ಗಾಡಿಯೊಳಗೇ ಒಂದು ಸಣ್ಣ ಕಂಪ್ಯೂಟರ್ ಬಂತು. ಇಂಜಿನ್ ಎಷ್ಟು ಬಿಸಿ, ಗಾಳಿ ಎಷ್ಟು, ಹೊಗೆಯಲ್ಲಿ ಆಮ್ಲಜನಕ ಎಷ್ಟು ಎಂದು ಸೆನ್ಸರ್‌ಗಳು ಅದಕ್ಕೆ ವರದಿ ಕೊಡುತ್ತವೆ. ವರದಿ ತಪ್ಪಿದರೆ ಕಂಪ್ಯೂಟರ್ ಒಂದು ಸಂಖ್ಯೆಯನ್ನು ಬರೆದಿಟ್ಟು ದೀಪ ಉರಿಸುತ್ತದೆ. ಆ ಸಂಖ್ಯೆಗೇ ಕೋಡ್ ಎನ್ನುವುದು. ನಮ್ಮ ದೇಶದಲ್ಲಿ ಬಿಎಸ್-4 ಕಾರು, ವ್ಯಾನುಗಳಿಗೆ 2010ರ ಏಪ್ರಿಲ್‌ನಿಂದ ಒಬಿಡಿ ಎಂಬ ಈ ವ್ಯವಸ್ಥೆಯ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೇ ಹಂತ ಕಡ್ಡಾಯವಾಯಿತು.

ದೀಪ ಬಂದ ಕೂಡಲೇ ಹೆದರಬೇಡಿ. ಮೊದಲು ಮೂರು ವಿಷಯ ನೋಡಿ.

ಹಳದಿ ದೀಪ ಸುಮ್ಮನೆ ಉರಿಯುತ್ತಾ ಇದ್ದು, ಗಾಡಿ ಎಂದಿನಂತೆ ಓಡುತ್ತಿದ್ದರೆ ಮೆಲ್ಲಗೆ ಕೆಲಸ ಮುಗಿಸಿ ಬರಬಹುದು. ಆದರೆ ಎರಡು ಮೂರು ದಿನದೊಳಗೆ ತೋರಿಸಿ. ಬಿಟ್ಟರೆ ಪೆಟ್ರೋಲು ಹೆಚ್ಚು ಕುಡಿಯಬಹುದು.

ದೀಪ ಮಿನುಗುತ್ತಾ, ಗಾಡಿ ಜರ್ಕ್ ಹೊಡೆಯುತ್ತಿದ್ದರೆ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ ಎಂದು ಅರ್ಥ. ಇದಕ್ಕೆ ಮಿಸ್‌ಫೈರ್ ಎನ್ನುತ್ತಾರೆ. ಉರಿಯದ ಪೆಟ್ರೋಲು ಹೊಗೆ ಪೈಪಿಗೆ ಹೋಗಿ, ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ವಿಪರೀತ ಕಾದು ಹಾಳಾಗುತ್ತದೆ. ಅದು ಬಹಳ ದುಬಾರಿ ಸಾಮಾನು. ಹಾಗಾಗಿ ಗಾಡಿ ಬದಿಗೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಎಣ್ಣೆ ಡಬ್ಬಿ ಚಿತ್ರದ ಕೆಂಪು ದೀಪ ಅಥವಾ ಇಂಜಿನ್ ಕಾದ ಸೂಚನೆ ಬಂದರೆ ಮಾತೇ ಇಲ್ಲ. ಅಲ್ಲೇ ಇಂಜಿನ್ ಆಫ್ ಮಾಡಿ.

ಕೋಡ್ ಓದುವುದು ಹೇಗೆ?

ಸ್ಟೀರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಹದಿನಾರು ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಸಾಧನ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಬೆಲೆ ಸಾವಿರ ರೂಪಾಯಿಯ ಆಸುಪಾಸು. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡು, ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆಯೇ ಕೋಡ್ ಓದಬಹುದು. ಓದಿದ ಮೇಲೆ ಸಾಧನವನ್ನು ತೆಗೆದಿಡಿ, ಅಲ್ಲೇ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ. 2013ಕ್ಕಿಂತ ಹಳೆಯ ಕೆಲವು ಗಾಡಿಗಳಲ್ಲಿ ಇದು ಕೆಲಸ ಮಾಡದೇ ಇರಬಹುದು. ಅಂಥದ್ದಕ್ಕೆ ಕಂಪನಿಯ ಮೆಷಿನ್ ಇರುವ ಗ್ಯಾರೇಜೇ ಬೇಕು.

ಕೋಡಿನಲ್ಲಿ ಒಂದು ಅಕ್ಷರ, ನಾಲ್ಕು ಸಂಖ್ಯೆ ಇರುತ್ತದೆ. 'ಪಿ' ಅಂದರೆ ಇಂಜಿನ್ ಮತ್ತು ಗೇರ್ ಕಡೆಯದು. ಅದರ ಮುಂದೆ ಸೊನ್ನೆ ಇದ್ದರೆ ಎಲ್ಲಾ ಕಂಪನಿಗಳಿಗೂ ಅರ್ಥ ಒಂದೇ, 1 ಇದ್ದರೆ ಅದು ಆ ಕಂಪನಿಯದೇ ಕೋಡ್. ನಮ್ಮ ವ್ಯಾನಿನಲ್ಲಿ ಬಂದದ್ದು ಪಿ0135. ಅರ್ಥ: ಮುಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್‌ನಲ್ಲಿ ದೋಷ. ಸೆನ್ಸರ್ ಚೆನ್ನಾಗಿ ಕಾದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ಬೇಗ ಕಾಯಲಿ ಎಂದು ಅದರೊಳಗೆ ಹೀಟರ್ ಇಟ್ಟಿರುತ್ತಾರೆ.

ಇಲ್ಲೇ ನಾವು ಎಡವಿದ್ದು. ಕೋಡ್ ಹೇಳಿದ್ದು "ಸರ್ಕ್ಯೂಟ್‌ನಲ್ಲಿ ದೋಷ" ಎಂದು, "ಸೆನ್ಸರ್ ಹಾಳಾಗಿದೆ" ಎಂದಲ್ಲ. ಸರ್ಕ್ಯೂಟ್ ಅಂದರೆ ಫ್ಯೂಸ್, ವಯರು, ಕನೆಕ್ಟರ್, ಸೆನ್ಸರ್ ಎಲ್ಲಾ ಸೇರಿತು. ಫ್ಯೂಸಿಗೆ ಕೆಲವೇ ರೂಪಾಯಿ, ಸೆನ್ಸರಿಗೆ ಸಾವಿರಗಟ್ಟಲೆ. ಅಗ್ಗದ್ದನ್ನು ಮೊದಲು ನೋಡಬೇಕಲ್ವಾ?

ಬೇರೆ ಕೋಡುಗಳಿಗೂ ಇದೇ ಬುದ್ಧಿ. ಪಿ0301ರಿಂದ ಪಿ0304ರವರೆಗೆ ಬಂದರೆ ಕೊನೆಯ ಅಂಕಿಯ ಸಿಲಿಂಡರಿನಲ್ಲಿ ಮಿಸ್‌ಫೈರ್. ಮೊದಲು ಪ್ಲಗ್ ನೋಡಿಸಿ. ಪ್ರತಿ ಪ್ಲಗ್‌ಗೂ ಬೇರೆ ಕಾಯಿಲ್ ಇರುವ ಗಾಡಿಯಾದರೆ, ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ ಬದಲಿಸಿ ನೋಡಲು ಹೇಳಿ. ಕೋಡೂ 2ರಿಂದ 3ಕ್ಕೆ ಹೋದರೆ ಕಾಯಿಲಿನದೇ ತಪ್ಪು. ಪಿ0420 ಬಂದರೆ "ಕನ್ವರ್ಟರ್ ಬದಲಾಯಿಸಿ" ಅಂದಾರು. ಹೊಗೆ ಪೈಪು ಲೀಕ್ ಇದೆಯಾ, ಮಿಸ್‌ಫೈರ್ ಇದೆಯಾ ಎಂದು ನೋಡದೆ ಒಪ್ಪಬೇಡಿ. ಒಂದೇ ಸಲ ನಾಲ್ಕೈದು ಕೋಡ್ ಬಂದರೆ ಬ್ಯಾಟರಿ ಮತ್ತು ಅರ್ತ್ ವಯರು ಮೊದಲು ನೋಡಿಸಿ. ಗ್ಯಾಸ್ ಕಿಟ್ ಹಾಕಿಸಿದ ವ್ಯಾನಾದರೆ ಒಂದೆರಡು ದಿನ ಪೆಟ್ರೋಲಿನಲ್ಲೇ ಓಡಿಸಿ. ಆಗ ಕೋಡ್ ಬಾರದಿದ್ದರೆ ಕಿಟ್ ಸರಿಮಾಡಿಸಿ. ಗ್ಯಾಸ್ ವಾಸನೆ ಬಂದರೆ ಮಾತ್ರ ಯಾವ ಪರೀಕ್ಷೆಯೂ ಬೇಡ. ವಾಲ್ವ್ ಬಂದ್ ಮಾಡಿ, ಗಾಡಿಯಿಂದ ಇಳಿದು ದೂರ ಹೋಗಿ.

ಅಳಿಸುವುದು ಯಾವಾಗ?

ನಮ್ಮ ಸಂಘದ ಪುಸ್ತಕದಲ್ಲಿ ಒಬ್ಬರ ಸಾಲ ಬರೆದಿದೆ ಅಂತ ಇಟ್ಟುಕೊಳ್ಳಿ. ರಬ್ಬರ್ ತಗೊಂಡು ಉಜ್ಜಿದರೆ ಸಾಲ ತೀರುತ್ತದಾ? ತೀರುವುದಿಲ್ಲ, ಲೆಕ್ಕ ಮಾತ್ರ ಹೋಗುತ್ತದೆ. ಕೋಡ್ ಅಳಿಸುವುದೂ ಹಾಗೆಯೇ. ತೊಂದರೆ ಬಂದಾಗ ಗಾಡಿ ಎಷ್ಟು ವೇಗದಲ್ಲಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು ಎಂಬ ವಿವರವೂ ಕೋಡಿನ ಜೊತೆ ಇರುತ್ತದೆ. ಅಳಿಸಿದರೆ ಅದೂ ಹೋಯ್ತು. ಮುಂದಿನ ಮೆಕ್ಯಾನಿಕ್ ಕತ್ತಲಲ್ಲಿ ಹುಡುಕಬೇಕು. ಬ್ಯಾಟರಿ ವಯರು ಬಿಚ್ಚಿ ದೀಪ ಆರಿಸಿದರೂ ಇದೇ ಕಥೆ.

ಹಾಗಾದರೆ ಅಳಿಸಲೇಬಾರದಾ? ಅಳಿಸಬೇಕು, ಆದರೆ ರಿಪೇರಿ ಆದ ಮೇಲೆ. ಮೊದಲು ಕೋಡ್ ಬರೆದುಕೊಳ್ಳಿ, ಕಾರಣ ಹುಡುಕಿಸಿ, ಸರಿಮಾಡಿಸಿ, ಆಮೇಲೆ ಕೀ ಆನ್ ಇಟ್ಟು ಇಂಜಿನ್ ಆಫ್ ಇರುವಾಗ ಅಳಿಸಿ. ನಂತರ ಕೆಲವು ದಿನ ಎಂದಿನಂತೆ ಓಡಿಸಿ ಪುನಃ ಓದಿ. ಕೋಡ್ ಬಾರದಿದ್ದರೆ ಕೆಲಸ ಸರಿಯಾಗಿದೆ. ಅಳಿಸದೆ ಬಿಟ್ಟರೂ, ತೊಂದರೆ ನಿಜವಾಗಿ ಹೋಗಿದ್ದರೆ ಸಾಮಾನ್ಯವಾಗಿ ಮೂರು ಸಲದ ಸರಿಯಾದ ಓಡಾಟದ ನಂತರ ದೀಪ ತಾನಾಗಿಯೇ ಆರುತ್ತದೆ.

ಸೆಕೆಂಡ್ ಹ್ಯಾಂಡ್ ವ್ಯಾನ್ ಕೊಳ್ಳುವವರಿಗೆ ಒಂದು ಮಾತು. ಕೀ ಆನ್ ಮಾಡಿದಾಗ ಈ ದೀಪ ಬರಲೇಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ಹಾಕಿದಾಗ ಬರುವುದೇ ಇಲ್ಲ ಅಂದರೆ ಬಲ್ಬ್ ಹೋಗಿರಬಹುದು, ಬೇಕೆಂದೇ ತೆಗೆದಿರಲೂಬಹುದು. ವ್ಯಾಪಾರ ಮುಗಿಸುವ ಮೊದಲು ಕೇಳಿ.

ನಮ್ಮ ಸಂಘದ ನಿರ್ಣಯಗಳು

1. ದೀಪ ಬಂದ ದಿನಾಂಕ, ಕಿಲೋಮೀಟರ್, ಕೋಡ್, ಮಾಡಿಸಿದ ಕೆಲಸ, ಕೊಟ್ಟ ಹಣ ಎಲ್ಲವನ್ನೂ ವ್ಯಾನಿನ ಪುಸ್ತಕದಲ್ಲಿ ಬರೆಯುವುದು.

2. ಕೋಡ್ ಬರೆದುಕೊಳ್ಳದೆ ಯಾರಿಗೂ ಅಳಿಸಲು ಬಿಡದಿರುವುದು.

3. 1,000 ರೂಪಾಯಿಗಿಂತ ಹೆಚ್ಚಿನ ಸಾಮಾನು ಹಾಕಿಸುವ ಮೊದಲು "ಫ್ಯೂಸ್, ವಯರು, ಕನೆಕ್ಟರ್ ನೋಡಿದಿರಾ? ಸಾಮಾನು ಹಾಳಾಗಿದೆ ಅಂತ ಹೇಗೆ ಗೊತ್ತಾಯ್ತು?" ಎಂದು ಕೇಳುವುದು.

4. ಬಿಚ್ಚಿದ ಹಳೇ ಸಾಮಾನು ಮತ್ತು ಬಿಲ್ ತಪ್ಪದೆ ಪಡೆಯುವುದು.

5. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಇಂಜಿನ್ ತಣ್ಣಗಿರುವಾಗ, ಸೀಟು ಎತ್ತಿ ಇಲಿಯ ಕುರುಹು ಇದೆಯಾ ನೋಡುವುದು.

ಪ್ರಶ್ನೆ ಕೇಳಿದರೆ ಮೆಕ್ಯಾನಿಕ್ ಬೇಸರ ಮಾಡಿಕೊಂಡಾರು ಅಂತ ನಾನೂ ಮೊದಲು ಹಿಂಜರಿದೆ. ಆದರೆ ಕೆಲಸ ಗೊತ್ತಿರುವವರು ಬೇಸರ ಮಾಡುವುದಿಲ್ಲ, ತೋರಿಸಿ ಹೇಳುತ್ತಾರೆ. ಸಂಘದ ಸಭೆಯಲ್ಲಿ ಹತ್ತು ರೂಪಾಯಿಗೂ ಲೆಕ್ಕ ಕೇಳುವವರು ನಾವು. ಗ್ಯಾರೇಜಿನಲ್ಲಿ ಯಾಕೆ ಬಾಯಿ ಮುಚ್ಚಿ ನಿಲ್ಲಬೇಕು?

ಆ ಬೆಂಡೋಲೆ ಬಿಡಿಸಿಕೊಳ್ಳಲು ನಮ್ಮ ಸದಸ್ಯೆಗೆ ನಾಲ್ಕು ತಿಂಗಳು ಹಿಡಿಯಿತು. ಈ ಸೆನ್ಸರನ್ನು ನಾನು ಬಿಸಾಡಲಿಲ್ಲ. ವ್ಯಾನಿನ ಪುಸ್ತಕದ ಜೊತೆಗೇ ಇಟ್ಟಿದ್ದೇನೆ. ಈಗ ನಿಮ್ಮ ಕೈಗೂ ಕೊಡುತ್ತೇನೆ, ಒಮ್ಮೆ ನೋಡಿ ಮುಂದಿನವರಿಗೆ ದಾಟಿಸಿ.